ಪಿಸ್ತೂಲಿನ ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಸ್ಪ್ರಿಂಗ್ ಬದಲಿಸಬೇಕೇ?

ಪ್ರಶ್ನೆ: ನನ್ನಲ್ಲಿ 1911 ಮಾದರಿಯ, ಐದು ಇಂಚು ಬ್ಯಾರೆಲ್‌ನ .45 ಪಿಸ್ತೂಲಿದೆ. ಇತ್ತೀಚೆಗೆ ಗುಂಡು ಹಾರಿಸಿದಾಗ ಖಾಲಿ ತೋಟೆಗಳು ಮೊದಲಿಗಿಂತ ದೂರ ಹೋಗಿ ಬೀಳುತ್ತಿವೆ, ಒಮ್ಮೊಮ್ಮೆ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲಿನ ಭಾಗ) ಪೂರ್ತಿ ಮುಂದೆ ಬರದೆ ನಿಲ್ಲುತ್ತದೆ. ಖಾಲಿ ತೋಟೆಯನ್ನು ಎಳೆದು ತೆಗೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಸವೆದಿರಬಹುದೇ? ಯಾವ ಭಾಗವನ್ನು ಬದಲಿಸಬೇಕು?

ಉತ್ತರ: ನೀವು ಹೇಳಿರುವ ಎರಡು ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಂಡಿರುವುದರಿಂದ ಎಕ್ಸ್‌ಟ್ರಾಕ್ಟರ್‌ಗಿಂತ ಮೊದಲು ರಿಕಾಯಿಲ್ ಸ್ಪ್ರಿಂಗನ್ನು ಅನುಮಾನಿಸಬೇಕು. ಈ ಸ್ಪ್ರಿಂಗ್ ಹಿಂದೆ ಸರಿಯುವ ಸ್ಲೈಡಿನ ವೇಗವನ್ನು ತಡೆಯುತ್ತದೆ, ಬಳಿಕ ಅದನ್ನು ಮುಂದಕ್ಕೆ ತಳ್ಳಿ ಹೊಸ ತೋಟೆಯನ್ನು ಚೇಂಬರ್‌ಗೆ (ಬ್ಯಾರೆಲ್‌ನ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ಸೇರಿಸುತ್ತದೆ. ಅದು ಸೋತಾಗ ಸ್ಲೈಡ್ ಹೆಚ್ಚು ರಭಸದಿಂದ ಹಿಂದೆ ಬಡಿಯುವುದರಿಂದ ಖಾಲಿ ತೋಟೆ ದೂರ ಸಿಡಿಯುತ್ತದೆ, ಮುಂದೆ ಬರುವಾಗ ಕೊನೆಯ ಒಂದೆರಡು ಮಿಲಿಮೀಟರ್ ದಾಟಲು ಬಲ ಸಾಲುವುದಿಲ್ಲ. ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ ಸವೆದಿದ್ದರೆ ಖಾಲಿ ತೋಟೆ ಚೇಂಬರ್‌ನಲ್ಲೇ ಉಳಿಯುವುದು ಅಥವಾ ದಿಕ್ಕುದೆಸೆಯಿಲ್ಲದೆ ಬೀಳುವುದು ಹೆಚ್ಚು. ಆದರೆ 1911 ಮಾದರಿಯಲ್ಲಿ ಎಕ್ಸ್‌ಟ್ರಾಕ್ಟರ್‌ನ ಬಿಗಿ ಅತಿಯಾದರೂ ಸ್ಲೈಡ್ ಅರ್ಧಕ್ಕೆ ನಿಲ್ಲಬಹುದು. ಚೇಂಬರ್‌ನಲ್ಲಿ ಕಟ್ಟಿದ ಮಸಿಯೂ ಇದೇ ತೊಂದರೆ ಕೊಡುತ್ತದೆ. ಆದ್ದರಿಂದ ಹೊಸ ಭಾಗಕ್ಕೆ ಹಣ ಹಾಕುವ ಮೊದಲು ಚೇಂಬರನ್ನೂ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆಯ ಕೆಳಗಿನ ಜಾಗವನ್ನೂ ಚೆನ್ನಾಗಿ ಶುಚಿಮಾಡಿ ನೋಡಿ.

ಹಳೆಯ ಸ್ಪ್ರಿಂಗ್ ಹೊಸದಕ್ಕಿಂತ ಗಿಡ್ಡವಾಗಿದೆ ಎಂಬುದಷ್ಟೇ ಸಾಕ್ಷಿಯಲ್ಲ. ಹೊಸ ಸ್ಪ್ರಿಂಗ್ ಕೂಡ ಆರಂಭದ ಬಳಕೆಯಲ್ಲೇ ಸ್ವಲ್ಪ ಕುಗ್ಗಿ ನಂತರ ಸ್ಥಿರವಾಗುತ್ತದೆ. ನಿಮ್ಮ ಮಾದರಿಗೆ ರೂಢಿಯಲ್ಲಿರುವುದು 16 ಪೌಂಡ್ ಬಲದ ಸ್ಪ್ರಿಂಗ್, ಅದನ್ನು ಸುಮಾರು 3,000ದಿಂದ 5,000 ಗುಂಡುಗಳಿಗೊಮ್ಮೆ ಬದಲಿಸುವುದು ಬಹಳ ಜನ ಅನುಸರಿಸುವ ಕ್ರಮ. ಹಳೆಯದನ್ನು ಎಳೆದು ಉದ್ದ ಮಾಡುವುದು ದುರಸ್ತಿಯಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಒಳ್ಳೆಯದೆಂಬ ನಂಬಿಕೆಯೂ ತಪ್ಪು: ಸ್ಲೈಡ್ ಪೂರ್ತಿ ಹಿಂದೆ ಹೋಗದೆ ತೋಟೆ ಸಿಕ್ಕಿಕೊಳ್ಳುತ್ತದೆ, ಮುಂದೆ ಬರುವ ಹೊಡೆತವೂ ಜೋರಾಗುತ್ತದೆ. ಈ ಹೊಡೆತದಲ್ಲಿ ಫೈರಿಂಗ್ ಪಿನ್ (ತೋಟೆಯ ಹಿಂಬದಿಗೆ ಬಡಿದು ಗುಂಡು ಹಾರಿಸುವ ಕಡ್ಡಿ) ಮುಂದಕ್ಕೆ ಜಾರದಂತೆ ಹಿಡಿಯುವುದು ಅದರ ಪುಟ್ಟ ಸ್ಪ್ರಿಂಗ್. ಹೀಗಾಗಿ ರಿಕಾಯಿಲ್ ಸ್ಪ್ರಿಂಗ್, ಫೈರಿಂಗ್ ಪಿನ್ ಸ್ಪ್ರಿಂಗ್ ಎರಡನ್ನೂ ಒಟ್ಟಿಗೇ ಬದಲಿಸಬೇಕೆಂಬುದು ನನ್ನ ಖಚಿತ ಸಲಹೆ.

ಬಿಚ್ಚುವ ಮೊದಲು ಮ್ಯಾಗಜಿನ್ ಹೊರತೆಗೆದು, ಆಮೇಲೆಯೇ ಸ್ಲೈಡ್ ಎಳೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಈ ಕ್ರಮ ತಿರುಗುಮುರುಗಾದರೆ ಮ್ಯಾಗಜಿನ್‌ನಿಂದ ಇನ್ನೊಂದು ತೋಟೆ ಒಳಗೆ ಸೇರುತ್ತದೆ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಬ್ಯಾರೆಲ್‌ನ ಕೆಳಗಿನ ಸ್ಪ್ರಿಂಗ್ ಪ್ಲಗ್ ಒತ್ತಡದಲ್ಲಿರುತ್ತದೆ. ಬ್ಯಾರೆಲ್‌ನ ಮುಂತುದಿಯನ್ನು ಹಿಡಿದಿರುವ ಬಳೆ, ಅಂದರೆ ಬುಷಿಂಗ್, ತಿರುಗಿಸುವಾಗ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಸಿಡಿದು ಕಣ್ಣಿಗೆ ಬಡಿಯಬಹುದು, ಆದ್ದರಿಂದ ರಕ್ಷಣಾ ಕನ್ನಡಕ ಕಡ್ಡಾಯ. ಸ್ಲೈಡಿನ ಹಿಂಬದಿಯಲ್ಲಿ ಫೈರಿಂಗ್ ಪಿನ್ನನ್ನು ಹಿಡಿದಿಡುವ ತಡೆಪಟ್ಟಿಯನ್ನು ಜಾರಿಸುವಾಗಲೂ ಇದೇ ಎಚ್ಚರ ಬೇಕು.

ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನ ಥಂಬ್ ಸೇಫ್ಟಿ (ಹೆಬ್ಬೆರಳಿನ ಸುರಕ್ಷತಾ ತಡೆ) ಮತ್ತು ಗ್ರಿಪ್ ಸೇಫ್ಟಿ (ಹಿಡಿಯ ಸುರಕ್ಷತಾ ತಡೆ) ಕೆಲಸ ಮಾಡುತ್ತಿವೆಯೇ ಎಂದು ನೋಡಿ, ಮದ್ದಿಲ್ಲದ ಡಮ್ಮಿ ತೋಟೆಗಳನ್ನು ಕೈಯಿಂದಲೇ ಒಳಗೆ ಹಾಯಿಸಿ. ಅಭ್ಯಾಸದ ಸ್ಥಳದಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ಗುಂಡು ಹಾಕಿ ಹಾರಿಸಿ: ಸ್ಲೈಡ್ ಹಿಂದೆ ಹೋಗಿ ಅಲ್ಲೇ ನಿಲ್ಲಬೇಕು. ಆಮೇಲೆ ಎರಡು, ನಂತರ ಪೂರ್ತಿ ಮ್ಯಾಗಜಿನ್. ಹೊಸ ಸ್ಪ್ರಿಂಗ್ ಇದ್ದೂ ಸ್ಲೈಡ್ ಮುಚ್ಚದೆ ನಿಂತರೆ ಗುಂಡು ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಹಳೆಯ ಸ್ಪ್ರಿಂಗ್ ಹಾಗೂ ಕೆಲವು ಖಾಲಿ ತೋಟೆಗಳ ಜೊತೆ ಪಿಸ್ತೂಲನ್ನು ಪರವಾನಗಿ ಪಡೆದ ಬಂದೂಕು ರಿಪೇರಿಗಾರರಿಗೆ ತೋರಿಸಿ. ಎಕ್ಸ್‌ಟ್ರಾಕ್ಟರ್‌ನ ಬಿಗಿ ಹೊಂದಿಸುವುದು ಅವರ ಕೆಲಸ.