ಮೊರಾಕ್ಕೊ ಮುಂದೋ, ಕೀನ್ಯಾ ಮುಂದೋ?

ಪ್ರಶ್ನೆ: ಮೊರಾಕ್ಕೊದ ವಾರ್ಜಾಜಾತ್‌ನಲ್ಲಿ ಒಂದೇ ಕಡೆ ಸುಮಾರು 580 ಮೆಗಾವ್ಯಾಟ್ ಸೋಲಾರ್ ಇದೆಯಂತೆ. ಕೀನ್ಯಾದ ಗಾರಿಸ್ಸಾದಲ್ಲಿರುವುದು 50 ಮೆಗಾವ್ಯಾಟ್. ಆದರೂ ಹಸಿರು ವಿದ್ಯುತ್ತಿನಲ್ಲಿ ಕೀನ್ಯಾವೇ ಮುಂದೆ ಅಂತಾರಲ್ಲ, ಹೇಗೆ? ಕೀನ್ಯಾವೂ ಅಂಥದ್ದೇ ಸ್ಥಾವರ ಕಟ್ಟಬಾರದೇ?

ಉತ್ತರ: ಮೆಗಾವ್ಯಾಟ್ ಹೇಳುವುದು ಸ್ಥಾವರದ ತಾಕತ್ತನ್ನು, ಅದು ಕೊಟ್ಟ ವಿದ್ಯುತ್ತನ್ನಲ್ಲ. ಕರೆಂಟ್ ಬಿಲ್ಲಿನಲ್ಲಿ ನಾವು ನೋಡುವುದು ಯೂನಿಟ್, ಅಲ್ವಾ? ಇಲ್ಲೂ ಅದನ್ನೇ ನೋಡಬೇಕು. ಗಾರಿಸ್ಸಾ ಹಗಲೂ ರಾತ್ರಿ ಪೂರ್ತಿ ಓಡಿದರೆ ವರ್ಷಕ್ಕೆ ಸುಮಾರು 44 ಕೋಟಿ ಯೂನಿಟ್ ಬರಬೇಕು. ಕಟ್ಟುವಾಗ ಹಾಕಿದ ಅಂದಾಜು ಸುಮಾರು 7.6 ಕೋಟಿ ಮಾತ್ರ. ಬಿಸಿಲು ಇರುವಷ್ಟು ಹೊತ್ತು ತಾನೇ ಸೋಲಾರ್ ಕೆಲಸ.

ಗಾಳಿಯ ಲೆಕ್ಕ ಬೇರೆ. ಉತ್ತರ ಕೀನ್ಯಾದ ತುರ್ಕಾನಾ ಸರೋವರದ ಹತ್ತಿರ, ಇಥಿಯೋಪಿಯಾ ಮತ್ತು ಕೀನ್ಯಾದ ಎತ್ತರದ ಪ್ರದೇಶಗಳ ನಡುವೆ ಗಾಳಿ ಕಿರಿದಾದ ದಾರಿಯಲ್ಲಿ ನುಗ್ಗಿದಂತೆ ನುಗ್ಗುತ್ತದೆ. ಅಲ್ಲಿ 365 ಗಾಳಿಯಂತ್ರಗಳಿವೆ, ಒಟ್ಟು 310 ಮೆಗಾವ್ಯಾಟ್. ಮೊರಾಕ್ಕೊದ ಅಟ್ಲಾಂಟಿಕ್ ತೀರದ ತರ್ಫಾಯಾದಲ್ಲಿ 301 ಮೆಗಾವ್ಯಾಟ್‌ಗೆ 131 ಯಂತ್ರಗಳೇ ಸಾಕಾದವು. ತುರ್ಕಾನಾ ಸರಿಯಾದ ದಾರಿಯಿಲ್ಲದ ಜಾಗ. 200 ಕಿಲೋಮೀಟರ್‌ಗೂ ಜಾಸ್ತಿ ರಸ್ತೆ ಸರಿಮಾಡಿ ಚಿಕ್ಕ ಯಂತ್ರಗಳನ್ನೇ ಸಾಗಿಸಬೇಕಾಯಿತು. 2017ರಲ್ಲಿ ಎಲ್ಲವೂ ಸಿದ್ಧವಾಗಿ ನಿಂತವು, ಆದರೆ ಸುಸ್ವಾದ ಸಬ್‌ಸ್ಟೇಷನ್‌ವರೆಗಿನ 400 ಕಿಲೋಮೀಟರ್ ಮೀರಿದ ವಿದ್ಯುತ್ ಲೈನ್ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅಷ್ಟು ದಿನ ಅಂಥ ಗಾಳಿ ಸುಮ್ನೆ ಬೀಸಿ ಹೋಯಿತು. ಇದನ್ನು ನೆನೆದಾಗ ನನಗೆ ಈಗಲೂ ಬೇಸರವಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗಾಳಿ, ಬಿಸಿಲು ಎರಡರಲ್ಲೂ ಮೊರಾಕ್ಕೊ ಕಟ್ಟಿರುವುದು ಕೀನ್ಯಾಕ್ಕಿಂತ ಎಷ್ಟೋ ಜಾಸ್ತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಬಳಕೆಯೂ ದೊಡ್ಡದು, ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಇನ್ನೂ ಆಮದು ಕಲ್ಲಿದ್ದಲಿನದು. ಕೀನ್ಯಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹಸಿರು ಎನ್ನುವುದು ನಿಜ. ಅದರ ದೊಡ್ಡ ಪಾಲು ಓಲ್ಕಾರಿಯಾದಲ್ಲಿ ನೆಲದೊಳಗಿಂದ ಬರುವ ಬಿಸಿ ಹಬೆಯದು. ಸೋಲಾರ್ ಪಾಲು ಚಿಕ್ಕದು. ಹಾಗಾಗಿ ಕೀನ್ಯಾದ ಹಸಿರು ಹೆಸರನ್ನು ಸೋಲಾರ್ ಖಾತೆಗೆ ಬರೆಯಬೇಡಿ.

ವಾರ್ಜಾಜಾತ್‌ನಂಥದ್ದು ಕೀನ್ಯಾಕ್ಕೆ ಒಗ್ಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಹೆಚ್ಚಿನ ಭಾಗ ನಾವು ಚಾವಣಿಯಲ್ಲಿ ನೋಡುವ ಪ್ಯಾನೆಲ್ ಅಲ್ಲ. ಕನ್ನಡಿಗಳು ಬಿಸಿಲನ್ನು ಒಂದೆಡೆ ಸೇರಿಸುತ್ತವೆ, ಕರಗಿದ ಉಪ್ಪು ಆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊತ್ತು ಮುಳುಗಿದ ಮೇಲೂ ಕೆಲವು ಗಂಟೆ ಕರೆಂಟ್ ಬರುತ್ತದೆ. ಕೇಳಲು ಚೆಂದ. ಆದರೆ ಖರ್ಚು ಜಾಸ್ತಿ, ಕೆಟ್ಟರೆ ರಿಪೇರಿಯೂ ಕಷ್ಟ. 2024ರಲ್ಲಿ ಉಪ್ಪಿನ ಟ್ಯಾಂಕ್ ಸೋರಿ 150 ಮೆಗಾವ್ಯಾಟ್‌ನ ಘಟಕವೊಂದು ತಿಂಗಳುಗಟ್ಟಲೆ ನಿಂತಿತ್ತು. ಕನ್ನಡಿಗೆ ಮೋಡವಿಲ್ಲದ ನೇರ ಬಿಸಿಲೇ ಬೇಕು. ಮರುಭೂಮಿಯ ಅಂಚಿನಲ್ಲಿರುವ ವಾರ್ಜಾಜಾತ್‌ಗೆ ಅದು ಸಿಗುತ್ತದೆ. ಕೀನ್ಯಾದ ಬಹುಪಾಲು ಕಡೆ ಮೋಡ ಬಂದು ಹೋಗುತ್ತಿರುತ್ತದೆ.

ಕೀನ್ಯಾದ ನಿಜವಾದ ತೊಂದರೆ ಬೇರೆಯೇ. ಸಂಜೆ ಏಳರಿಂದ ಒಂಬತ್ತರವರೆಗೆ ಬೇಡಿಕೆ ಏರುತ್ತದೆ, ಆಗ ಬಿಸಿಲಿಲ್ಲ. ನಡುರಾತ್ರಿ ದಾಟಿದ ಮೇಲೆ ತುರ್ಕಾನಾದ ಗಾಳಿ ಜೋರಾಗಿರುತ್ತದೆ, ಆಗ ಬಳಸುವವರಿಲ್ಲ. ಎಷ್ಟೋ ರಾತ್ರಿ ಗಾಳಿಯಂತ್ರಗಳನ್ನು ತಗ್ಗಿಸಬೇಕಾಗುತ್ತದೆ, ಇಲ್ಲವೇ ಓಲ್ಕಾರಿಯಾದ ಹಬೆಯನ್ನು ಹಾಗೇ ಹೊರಗೆ ಬಿಡಬೇಕಾಗುತ್ತದೆ. ಹೊಸ ಕನ್ನಡಿಗಳಿಗೆ ಸುರಿಯುವ ಹಣವನ್ನು ಬ್ಯಾಟರಿಗೆ ಹಾಕಿ ಆ ರಾತ್ರಿಯ ಕರೆಂಟನ್ನು ಮರುದಿನ ಸಂಜೆಗೆ ಉಳಿಸುವುದು ಕೀನ್ಯಾಕ್ಕೆ ಹೆಚ್ಚು ಲಾಭ.