ಓದುಗರ ಪ್ರಶ್ನೆಗೆ ಉತ್ತರ: ತಿರುಗಾಟದ ಬಳಗವನ್ನು ಮುಗಿಸುವ ಬಗೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಕುರಿತವು, ಮೂರೂ ಕೊಡಗಿನವು. ಅವುಗಳಿಗೆ ಒಟ್ಟಿಗೆ ಉತ್ತರಿಸುವ ಸಲುವಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, 1998ರಲ್ಲಿ ನಾವು ಒಂಬತ್ತು ಮಂದಿ ಸೇರಿ ಮಡಿಕೇರಿಯಲ್ಲಿ ತಿರುಗಾಟದ ಹುಚ್ಚಿನವರ ಬಳಗವೊಂದನ್ನು ಕಟ್ಟಿಕೊಂಡೆವು. ತಿಂಗಳಿಗೊಂದು ಭಾನುವಾರ ಕೊಡಗಿನೊಳಗೆ ನಡಿಗೆ, ವರ್ಷಕ್ಕೊಂದು ದೂರದ ಪ್ರವಾಸ ಎಂಬುದು ನಮ್ಮ ಕ್ರಮವಾಗಿತ್ತು. ಒಂದು ಕಾಲಕ್ಕೆ ಅರವತ್ತಕ್ಕೂ ಹೆಚ್ಚು ಸದಸ್ಯರಿದ್ದೆವು. ಹೋಗಿಬಂದ ದಾರಿಗಳ ವಿವರವನ್ನೂ ಖರ್ಚನ್ನೂ ಬರೆದಿಟ್ಟ ಹನ್ನೊಂದು ಪುಸ್ತಕಗಳು, ಎರಡು ಪೆಟ್ಟಿಗೆ ಫೋಟೊಗಳು ನನ್ನ ಮನೆಯಲ್ಲಿವೆ. ಈಗ ಹಲವರಿಗೆ ಮೊಣಕಾಲು ನೋವು, ಕೆಲವರು ಮಕ್ಕಳಿರುವ ಊರಿಗೆ ಹೋಗಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಕಳೆದ ವರ್ಷ ಒಂದು ಭಾನುವಾರ ರಾಜಾಸೀಟಿನ ಗೇಟಿನ ಬಳಿ ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ನಾನೊಬ್ಬನೇ ನಿಂತಿದ್ದು, ಕಟ್ಟಿಸಿಕೊಂಡು ಹೋಗಿದ್ದ ಅಕ್ಕಿರೊಟ್ಟಿಯೊಂದಿಗೆ ಮನೆಗೆ ಮರಳಿದೆ. ನಿಲ್ಲಿಸೋಣವೆಂದರೆ "ಹೆಸರಾದರೂ ಇರಲಿ" ಎನ್ನುತ್ತಾರೆ. ನಿಲ್ಲಿಸಬೇಕೆ? ಕೊನೆಯದೊಂದು ಪ್ರವಾಸ ಮಾಡುವುದಾದರೆ ಎಲ್ಲಿಗೆ, ಯಾವಾಗ? ಪುಸ್ತಕಗಳನ್ನು ಏನು ಮಾಡಲಿ?
— ಹೆಸರು ಬೇಡ, ಮಡಿಕೇರಿ

ಉತ್ತರ: ನಿಲ್ಲಿಸುವುದೇ ಸರಿ ಎಂದು ನನಗೆ ತೋರುತ್ತದೆ. ಹೆಸರಾದರೂ ಇರಲಿ ಎನ್ನುವವರಿಗೆ ಬಳಗದ ಮೇಲೆ ಪ್ರೀತಿ ಇರುವುದು ನಿಜ. ಆದರೆ ಹೆಸರು ಉಳಿಯಬೇಕಾದರೆ ಸಭೆ ಕರೆಯುವವರು, ವ್ಯಾನು ಗೊತ್ತುಮಾಡುವವರು, ಬಾರದವರಿಗಾಗಿ ರಾಜಾಸೀಟಿನ ಬಳಿ ಕಾಯುವವರು ಒಬ್ಬರು ಬೇಕಲ್ಲವೇ? ಇಷ್ಟು ವರ್ಷ ಆ ಒಬ್ಬರು ನೀವೇ ಆಗಿದ್ದೀರಿ. ಮುಂದಿನ ಸಭೆಗೆ ಹನ್ನೊಂದು ಪುಸ್ತಕಗಳನ್ನೂ ಕೊಂಡೊಯ್ದು ಮೇಜಿನ ಮೇಲಿಟ್ಟು, ಇನ್ನು ಮುಂದೆ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿ. ಮುಂದೆ ಬಂದವರಿಗೆ ಅಲ್ಲೇ ವಹಿಸಿಕೊಡಿ. ಯಾರೂ ಬಾರದಿದ್ದರೆ ಕೊನೆಯ ದಿನಾಂಕವನ್ನು ಅದೇ ಸಭೆಯಲ್ಲಿ ಗೊತ್ತುಮಾಡಿ ನಡಾವಳಿಯಲ್ಲಿ ಬರೆಯಿಸಿ.

ಬಳಗ ಸೊರಗಿದ್ದು ನಿಮ್ಮ ಕೊರತೆಯಿಂದಲ್ಲ. ನೀವು ಶುರುಮಾಡಿದ ಕಾಲದಲ್ಲಿ ತಡಿಯಂಡಮೋಳ್ ಹತ್ತಬೇಕೆನ್ನುವವರು ಕಕ್ಕಬ್ಬೆಗೆ ಹೋಗುವ ಬಸ್ಸು ಎಷ್ಟು ಗಂಟೆಗೆ, ಮರಳುವ ಕೊನೆಯ ಬಸ್ಸು ಯಾವುದು, ನೀರು ಎಲ್ಲಿ ಸಿಗುತ್ತದೆ, ಯಾರ ಮನೆಯಲ್ಲಿ ಕೇಳಿದರೆ ಊಟ ಹಾಕುತ್ತಾರೆ ಎಂಬುದನ್ನು ಹೋಗಿಬಂದವರ ಬಾಯಿಂದಲೇ ತಿಳಿಯಬೇಕಿತ್ತು. ರೈಲು ಇಂದಿಗೂ ಬಾರದ ಜಿಲ್ಲೆಯಲ್ಲಿ ಇಂತಹ ತಿಳಿವಳಿಕೆಗೆ ಬೆಲೆಯಿತ್ತು. ಅದು ನಿಮ್ಮ ಬಳಿ ಇದ್ದುದರಿಂದಲೇ ಜನ ಸೇರಿದರು. ಈಗ ದಾರಿಯನ್ನು ಮೊಬೈಲು ತೋರಿಸುತ್ತದೆ, ಊಟಕ್ಕೂ ಉಳಿಯುವುದಕ್ಕೂ ಹೋಂಸ್ಟೇಗಳಿವೆ, ಮಾಂದಲಪಟ್ಟಿಗೆ ಬಾಡಿಗೆ ಜೀಪುಗಳು ಸಾಲುಗಟ್ಟಿವೆ. ಇದರ ಮೇಲೆ, 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ನುಗ್ಗಿದ ಜನಸಂದಣಿಯನ್ನು ಕಂಡ ಬಳಿಕ ಸರ್ಕಾರ ಚಾರಣಕ್ಕೆ ಮುಂಗಡ ಬುಕಿಂಗ್ ವ್ಯವಸ್ಥೆ ತಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ಇಟ್ಟಿತು. ಶನಿವಾರ ರಾತ್ರಿ ನಾಲ್ಕು ಮನೆಗೆ ಫೋನು ಮಾಡಿ ಭಾನುವಾರ ಮುಂಜಾನೆ ಇಪ್ಪತ್ತು ಮಂದಿ ಹೊರಟುಬಿಡುವ ನಿಮ್ಮ ಹಳೆಯ ಪದ್ಧತಿಗೆ ಈಗ ಅವಕಾಶವೇ ಕಡಿಮೆ. ಆ ಮಿತಿ ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಕೊನೆಯ ಪ್ರವಾಸವನ್ನು ದೂರಕ್ಕೆ ಇಟ್ಟುಕೊಳ್ಳಬೇಡಿ. ದೂರವಾದಷ್ಟೂ ಬರಲಾಗದವರು ಹೆಚ್ಚುತ್ತಾರೆ, ಅವರೇ ಹೆಚ್ಚಾಗಿ ಹಳಬರು. ನಾನಾದರೆ ನಾಲ್ಕುನಾಡು ಅರಮನೆಯನ್ನು ಆರಿಸುತ್ತಿದ್ದೆ. ಕಕ್ಕಬ್ಬೆಯ ಬಳಿ, 1748 ಮೀಟರ್ ಎತ್ತರದ ತಡಿಯಂಡಮೋಳಿನ ಬುಡದಲ್ಲಿ, 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರನು ಕಟ್ಟಿಸಿದ ಈ ಅರಮನೆಯವರೆಗೆ ವಾಹನ ಹೋಗುತ್ತದೆ, ಬೆಟ್ಟದ ದಾರಿಯೂ ಅಲ್ಲಿಂದಲೇ ಏರುತ್ತದೆ. ಕಾಲು ಗಟ್ಟಿ ಇರುವವರು ಹತ್ತಿಬರಲಿ. ಉಳಿದವರು ಅರಮನೆಯ ಜಗಲಿಯಲ್ಲಿ ಕುಳಿತು ಹಳೆಯ ಪುಸ್ತಕಗಳನ್ನು ಓದಿಸಿ ಕೇಳಲಿ, ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಉಣ್ಣಬಹುದು. (1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದಿದ್ದುದೂ ಇಲ್ಲಿಯೇ. ಭಾಷಣ ಮಾಡುವ ಸದಸ್ಯರಿಗೆ ಇದನ್ನು ಮುಂಚಿತವಾಗಿ ತಿಳಿಸಬೇಡಿ, ಉಪಮೆ ಮುಗಿಯುವುದೇ ಇಲ್ಲ.)

ದಿನ ಗೊತ್ತುಮಾಡುವುದು ಸ್ಥಳ ಗೊತ್ತುಮಾಡುವುದಕ್ಕಿಂತ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಜಿಗಣೆ. ಅಕ್ಟೋಬರ್ ನಡುವಿಗೆ ತುಲಾ ಸಂಕ್ರಮಣ. ತಲಕಾವೇರಿಯ ತೀರ್ಥೋದ್ಭವಕ್ಕೆ ಹೋಗುವವರಿಂದಾಗಿ ವ್ಯಾನು ಸಿಗುವುದಿಲ್ಲ. ನವೆಂಬರ್ ಕೊನೆಯಿಂದ ಸುಗ್ಗಿಯ ಹಬ್ಬ ಹುತ್ತರಿಯ ಓಡಾಟ, ಅದರ ಹಿಂದೆಯೇ ಅರೇಬಿಕಾ ಕಾಫಿಯ ಕೊಯ್ಲು, ಬಳಿಕ ರೊಬಸ್ಟಾ. ತೋಟದವರು ಮಾರ್ಚ್‌ವರೆಗೆ ತಲೆ ಎತ್ತುವುದಿಲ್ಲ. ಅವರಿಗೆ ಬಿಡುವಾಗುವ ಹೊತ್ತಿಗೆ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚಿರುತ್ತದೆ. ಆದ್ದರಿಂದ ನಿಮಗೆ ಉಳಿಯುವುದು ತುಲಾ ಸಂಕ್ರಮಣ ಕಳೆದ ಮೇಲಿನ ಮೂರು ನಾಲ್ಕು ವಾರಗಳು ಮಾತ್ರ. ಆಗ ಮಧ್ಯಾಹ್ನದ ಮೇಲೆ ಮಳೆ ಬರುವುದುಂಟಾದ್ದರಿಂದ ಬೆಳಿಗ್ಗೆ ಏಳಕ್ಕೆಲ್ಲ ನಡಿಗೆ ಆರಂಭವಾಗಲಿ.

ಈಗ ಪುಸ್ತಕಗಳ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದು. ಹನ್ನೊಂದು ಪುಸ್ತಕಗಳನ್ನು ಹಾಗೆಯೇ ಯಾರಿಗಾದರೂ ಒಪ್ಪಿಸಿ ಕೈತೊಳೆದುಕೊಳ್ಳಬೇಡಿ. ದಾರಿಯ ವಿವರ ಹಳೆಯದಾದರೆ ಓದಿದವರನ್ನು ಅಪಾಯಕ್ಕೆ ಒಯ್ಯುತ್ತದೆ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಸುತ್ತ ಗುಡ್ಡಗಳು ಮನೆ, ತೋಟ, ರಸ್ತೆಗಳೊಂದಿಗೆ ಕುಸಿದುಹೋದವು. ನೀವು 2005ರಲ್ಲಿ "ಹೊಳೆ ದಾಟಿದ ಕೂಡಲೇ ಎಡಕ್ಕೆ ಕಾಲುದಾರಿ" ಎಂದು ಬರೆದಿದ್ದರೆ, ಆ ಹೊಳೆ ಈಗ ಬೇರೆ ಕಡೆ ಹರಿಯುತ್ತಿರಬಹುದು, ಕಾಲುದಾರಿ ಇದ್ದ ಕಡೆ ಬರೀ ಮಣ್ಣಿನ ಇಳಿಜಾರು ಇರಬಹುದು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ವಿವರ ಯಾವ ವರ್ಷದಿಂದ ಯಾವ ವರ್ಷದವರೆಗಿನದು ಎಂಬುದನ್ನೂ, 2018ರ ನಂತರ ಬಳಗದವರು ನಡೆದು ನೋಡಿದ ದಾರಿಗಳು ಯಾವುವು ಎಂಬುದನ್ನೂ ಕೆಂಪು ಶಾಯಿಯಲ್ಲಿ ಬರೆಯಿರಿ.

ಹೆಸರುಗಳನ್ನೂ ಬಿಡಿಸಿ ಬರೆಯಬೇಕು. "ಬ್ರಹ್ಮಗಿರಿಗೆ ಹೋದೆವು" ಎಂದಷ್ಟೇ ಇದ್ದರೆ ನಿಮಗೆ ಗೊತ್ತು, ಮುಂದಿನವರಿಗೆ ಗೊತ್ತಾಗುವುದಿಲ್ಲ. ಕೊಡಗಿನಲ್ಲಿ ಬ್ರಹ್ಮಗಿರಿ ಎರಡಿವೆ. ತಲಕಾವೇರಿಯ ನೆತ್ತಿಯ ಮೇಲಿರುವ, ಮೆಟ್ಟಿಲು ಹತ್ತಿ ಹೋಗುವ ಬ್ರಹ್ಮಗಿರಿ ಒಂದು. ದಕ್ಷಿಣದ ತುದಿಯಲ್ಲಿ, ಇರ್ಪು ಜಲಪಾತದ ಕಡೆಯಿಂದ ಕಾಡಿನೊಳಗೆ ಏರಿ ವಯನಾಡಿನ ಗಡಿ ಮುಟ್ಟುವ, ವನ್ಯಜೀವಿಧಾಮಕ್ಕೆ ಸೇರಿದ ಬ್ರಹ್ಮಗಿರಿ ಇನ್ನೊಂದು. ಮೊದಲನೆಯದು ಅರ್ಧ ಗಂಟೆಯ ಕೆಲಸ, ಎರಡನೆಯದಕ್ಕೆ ಇಲಾಖೆಯ ಅನುಮತಿ ಬೇಕು, ಆನೆಯ ಭಯವೂ ಉಂಟು. 2020ರ ಆಗಸ್ಟ್‌ನಲ್ಲಿ ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡ ಕುಸಿತ ನಡೆದುದು ತಲಕಾವೇರಿಯ ಬೆಟ್ಟದಲ್ಲಿ ಎಂಬುದನ್ನೂ ಆ ಪುಟದ ಅಂಚಿನಲ್ಲಿ ಗುರುತಿಸಿಡಿ. ಇಂತಹ ಟಿಪ್ಪಣಿ ಮಾಡಬಲ್ಲವರು ಹೋಗಿಬಂದವರು ಮಾತ್ರ. ಅವರು ಇರುವಾಗಲೇ ನಾಲ್ಕೈದು ಭಾನುವಾರ ಕುಳಿತು ಈ ಕೆಲಸ ಮುಗಿಸಿ. ನಡೆಯಲಾರದ ಸದಸ್ಯರೂ ಇದಕ್ಕೆ ಬರುತ್ತಾರೆ.

ಬಳಿಕ ಒಂದು ಪ್ರತಿಯನ್ನು ಗ್ರಂಥಾಲಯಕ್ಕೋ, ಚಾರಣದಲ್ಲಿ ಆಸಕ್ತಿಯಿರುವ ಕಾಲೇಜಿಗೋ ಕೊಡಬಹುದು, ಆದರೆ ಮೊದಲು ಹೋಗಿ ಅವರಿಗೆ ಬೇಕೇ ಎಂದು ಕೇಳಿ. ಕೊಡುವ ಪ್ರತಿಯಲ್ಲಿ ಊಟ ಹಾಕಿದ ಮನೆಯವರ ಫೋನು ಸಂಖ್ಯೆ, ಸದಸ್ಯರ ಕಾಯಿಲೆ, ಯಾರು ಎಷ್ಟು ಬಾಕಿ ಎಂಬ ಪುಟಗಳು ಇರಕೂಡದು.

ಫೋಟೊಗಳಿಗೆ ಮಾತ್ರ ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ನಾನಿದ್ದ ಬಳಗವೊಂದು ವಿದಾಯವೂ ಇಲ್ಲದೆ ತಾನಾಗಿ ಕರಗಿಹೋಯಿತು. ನಮ್ಮ ಕಾರ್ಯದರ್ಶಿ ತೀರಿಕೊಂಡ ಮೇಲೆ ಅವರ ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ ಆಲ್ಬಂಗಳೇನೋ ಇದ್ದವು, ಆದರೆ ಆರು ಮಳೆಗಾಲದ ತೇವಕ್ಕೆ ಫೋಟೊಗಳೆಲ್ಲ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿದ್ದವು. ಒಂದನ್ನು ಮೆಲ್ಲನೆ ಎಬ್ಬಿಸಲು ನೋಡಿದೆ. ಬೆಟ್ಟ, ಆಕಾಶ, ನಿಂತವರ ಕಾಲುಗಳು ಕಾಗದದಲ್ಲಿ ಉಳಿದವು. ಮುಖಗಳ ಸಾಲು ಮಾತ್ರ ಬಣ್ಣದ ಪದರವಾಗಿ ಪ್ಲಾಸ್ಟಿಕ್ಕಿಗೆ ಹೋಯಿತು. ಹಾಗಾಗಿ ಬಿಸಿಲಿನ ತಿಂಗಳಲ್ಲೇ ಫೋಟೊಗಳನ್ನು ಆಲ್ಬಮ್ಮಿನಿಂದ ತೆಗೆದು, ಇಂಚಿಗೆ 600 ಚುಕ್ಕೆಯ ಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಕೊಡಗಿನ ಹೊರಗೆ, ಒಣಹವೆಯ ಊರಿನಲ್ಲಿರುವ ಸದಸ್ಯರೊಬ್ಬರ ಮನೆಯಲ್ಲಿಡಿ. ಹಿಂಬದಿಯಲ್ಲಿ ಹೆಸರು, ಸ್ಥಳ, ವರ್ಷವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.

ಪ್ರಶ್ನೆ: ನಮ್ಮದೂ ಇಂತಹದೇ ಬಳಗ, ಕಳೆದ ತಿಂಗಳು ಮುಗಿಸಿದೆವು. ಬ್ಯಾಂಕಿನಲ್ಲಿ ಮೂವತ್ತೆಂಟು ಸಾವಿರ ರೂಪಾಯಿ, ನಾಲ್ಕು ಟೆಂಟು, ಹಗ್ಗ, ಅನ್ನ ಮಾಡುವ ಒಂದು ದೊಡ್ಡ ಹಂಡೆ ಉಳಿದಿವೆ. ಸದಸ್ಯರು ಹಂಚಿಕೊಳ್ಳಬಹುದೇ?
— ಖಜಾಂಚಿ, ವಿರಾಜಪೇಟೆ

ಉತ್ತರ: ನೀವು ನೋಂದಾಯಿತ ಸಂಘವೇ ಅಲ್ಲವೇ ಎಂಬುದನ್ನು ಬರೆದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿಸಿದ್ದರೆ ಉಳಿಕೆಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಸಾಲ ಬಾಕಿಗಳನ್ನು ತೀರಿಸಿದ ಬಳಿಕ ಉಳಿಯುವುದನ್ನು ಅದೇ ಬಗೆಯ ಉದ್ದೇಶದ ಇನ್ನೊಂದು ಸಂಘಕ್ಕೆ ಕೊಡಬೇಕು. ವಿಸರ್ಜನೆಯ ನಿರ್ಣಯವನ್ನು ಬೈಲಾದ ಪ್ರಕಾರ ಅಂಗೀಕರಿಸಿ, ನೋಂದಣಾಧಿಕಾರಿಗಳ ಕಚೇರಿಗೆ ಲೆಕ್ಕಪತ್ರದೊಂದಿಗೆ ತಿಳಿಸಬೇಕು. ನೋಂದಣಿ ಇಲ್ಲದ ಸ್ನೇಹಿತರ ಕೂಟವಾದರೆ ಎಲ್ಲರ ಒಪ್ಪಿಗೆಯೇ ಕಾನೂನು, ಆದರೆ ಒಪ್ಪಿಗೆ ಬರವಣಿಗೆಯಲ್ಲಿರಲಿ.

ನೋಂದಣಿ ಇರಲಿ, ಇಲ್ಲದಿರಲಿ, ಬ್ಯಾಂಕಿನ ಖಾತೆಯನ್ನು ಹಾಗೆಯೇ ಬಿಡಬೇಡಿ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಆ ಹೊತ್ತಿಗೆ ಸಹಿ ಮಾಡಬೇಕಾದ ಮೂವರಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಹಂಡೆಯ ಬಗ್ಗೆ ಹೇಳುವುದಾದರೆ, ಅದನ್ನು ಊರಿನ ಯಾವುದಾದರೂ ದೇವಸ್ಥಾನಕ್ಕೋ ಶಾಲೆಗೋ ಕೊಡಿ. ಟೆಂಟುಗಳನ್ನು ಒಮ್ಮೆ ಬಿಚ್ಚಿ ನೀರು ಹೊಯ್ದು ನೋಡಿದ ಬಳಿಕವೇ ದಾನದ ಮಾತು.

ಪ್ರಶ್ನೆ: ನಾನು ಹದಿನಾರು ವರ್ಷ ಒಂದು ಪ್ರವಾಸ ಬಳಗದ ಸದಸ್ಯೆ. ತುಂಬಿದ ಮನೆಯ ಸೊಸೆಯಾದ ನನಗೆ "ಬಳಗದ ನಡಿಗೆ ಇದೆ" ಎಂದರೆ ಮಾತ್ರ ಹೊರಗೆ ಹೋಗಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ಈಗ ಬಳಗ ಮುಗಿಯಿತು. ಎಲ್ಲರೂ ಕೊನೆಯ ದಿನ ಹಾಡಿ ಕುಣಿದರು, ನನಗೆ ಮಾತ್ರ ಅಳು ಬಂತು. ಹೀಗಾಗುವುದು ಅತಿಯಾಯಿತೇ?
— ಸದಸ್ಯೆ, ಸೋಮವಾರಪೇಟೆ

ಉತ್ತರ: ಖಂಡಿತ ಅತಿಯಲ್ಲ ಅಕ್ಕಾ. ಉಳಿದವರು ಕಳೆದುಕೊಂಡದ್ದು ಜೊತೆಯನ್ನು. ಅವರು ನಾಳೆ ಬೇಕೆಂದರೆ ಒಬ್ಬರೇ ಹೊರಡಬಲ್ಲರು. ನೀವು ಕಳೆದುಕೊಂಡದ್ದು ತಿಂಗಳಿಗೊಂದು ಭಾನುವಾರವನ್ನು. ಬಳಗ ನಡೆಸಿದವರಿಗೆ ಇದು ಹೊಳೆದಿರಲಿಕ್ಕಿಲ್ಲ, ಮೇಲಿನ ಇಬ್ಬರು ಓದುಗರೂ ದಯವಿಟ್ಟು ಗಮನಿಸಬೇಕು.

ಬಳಗ ಮುಗಿದರೂ ಭಾನುವಾರವನ್ನು ಬಿಟ್ಟುಕೊಡಬೇಡಿ. ಬಳಗದಲ್ಲಿ ನಿಮ್ಮಂತೆಯೇ ಇದ್ದ ಇನ್ನಿಬ್ಬರು ಹೆಂಗಸರು ಖಂಡಿತ ಇರುತ್ತಾರೆ. ಅವರಿಗೆ ಈ ವಾರವೇ ಫೋನು ಮಾಡಿ, ಮೊದಲಿದ್ದ ಅದೇ ಭಾನುವಾರವನ್ನು ಗೊತ್ತುಮಾಡಿಕೊಳ್ಳಿ. ದಿನ ಬದಲಾದರೆ ಮನೆಯಲ್ಲಿ ಹೊಸದಾಗಿ ಒಪ್ಪಿಸಬೇಕಾಗುತ್ತದೆ, ಅದೇ ದಿನವಾದರೆ ಹದಿನಾರು ವರ್ಷದ ರೂಢಿ ನಿಮ್ಮ ಪರವಾಗಿದೆ. ಹೊಸ ಹೆಸರು, ಪದಾಧಿಕಾರಿಗಳು, ಚಂದಾ ಯಾವುದೂ ಬೇಡ. ಮೊದಲ ಸಲಕ್ಕೆ ಮಲ್ಲಳ್ಳಿ ಜಲಪಾತಕ್ಕೆ ಹೋಗಿಬನ್ನಿ. ಸೋಮವಾರಪೇಟೆಯಿಂದ ಸುಮಾರು 25 ಕಿಲೋಮೀಟರು, ಮಳೆ ಬಿಟ್ಟ ಮೇಲೂ ಕುಮಾರಧಾರೆಯಲ್ಲಿ ನೀರು ಚೆನ್ನಾಗಿರುತ್ತದೆ. ಜಲಪಾತದ ಬುಡಕ್ಕೆ ನೂರಾರು ಮೆಟ್ಟಿಲು ಇಳಿಯಬೇಕು, ಹತ್ತುವಾಗ ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ಸಂಜೆ ನಾಲ್ಕಕ್ಕೆ ಬರುತ್ತೇನೆ ಎನ್ನದೆ ಆರಕ್ಕೆ ಎಂದೇ ಹೇಳಿ ಹೊರಡಿ.