ಪ್ರತಿಕ್ರಿಯೆ: ಅಂಕೋಲಾದಲ್ಲಿ ರಸ್ತೆಗೆ ಹೋದ ತೆಂಗಿನ ಹಿತ್ತಲು, ಪರಿಹಾರವಿಲ್ಲ, ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದೇ?

ಹೋಗಲು ಬರುವುದಿಲ್ಲ. ಆಸ್ತಿ ಈಗ ಮೂಲಭೂತ ಹಕ್ಕಲ್ಲ; 1978ರ ಸಂವಿಧಾನದ 44ನೇ ತಿದ್ದುಪಡಿ ಅದನ್ನು 300ಎ ವಿಧಿಗೆ ಸರಿಸಿತು. ಹಾಗಾಗಿ ಮೂಲಭೂತ ಹಕ್ಕಿಗಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಗುವ 32ನೇ ವಿಧಿ ಸಿಗದು, ಹೈಕೋರ್ಟಿಗೆ ಹೋಗುವ 226ನೇ ವಿಧಿ ಸಿಗುತ್ತದೆ: ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಧಾರವಾಡ ಹೈಕೋರ್ಟ್ ಪೀಠ. ಹಕ್ಕು ಸಣ್ಣದಾಯಿತು ಅಂದುಕೊಳ್ಳಬೇಡಿ. ಕಾನೂನಿನ ಆಧಾರವಿಲ್ಲದೆ ಸರ್ಕಾರ ಒಂದು ಗುಂಟೆಯನ್ನೂ ತೆಗೆದುಕೊಳ್ಳುವಂತಿಲ್ಲ.

ಮೊದಲು ಹದ್ದುಬಸ್ತಿಗೆ (ಜಮೀನಿನ ಗಡಿ ಗುರುತಿಸುವ ಸರ್ಕಾರಿ ಅಳತೆಗೆ) ಅರ್ಜಿ ಹಾಕಿ, ಹೋದ ಜಾಗ ಅಳೆಸಿ. ಬೇಲಿ ಕಲ್ಲು, ಕಡಿದ ಮರದ ಬುಡಗಳ ಫೋಟೊ ಈಗಲೇ ತೆಗೆದಿಡಿ, ಮಳೆಗಾಲ ಕಳೆದರೆ ಗುರುತು ಉಳಿಯದು. ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಸ್ವಾಧೀನದ ಅಧಿಸೂಚನೆ, ಐತೀರ್ಪಿನ (ಪರಿಹಾರದ ಮೊತ್ತ ನಿಗದಿ ಮಾಡಿದ ಆದೇಶದ) ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು.

ಐತೀರ್ಪು ಆಗಿದ್ದು ಮೊತ್ತ ಕಡಿಮೆ ಎಂಬುದಷ್ಟೇ ತಕರಾರಾದರೆ, ರಾಷ್ಟ್ರೀಯ ಹೆದ್ದಾರಿಯಾಗಿದ್ದಲ್ಲಿ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಅಧಿಸೂಚನೆಯೇ ಇಲ್ಲವಾದರೆ ಜಿಲ್ಲಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ವಕೀಲರ ಮೂಲಕ ಹೈಕೋರ್ಟಿಗೆ 226ನೇ ವಿಧಿಯ ರಿಟ್ ಅರ್ಜಿ.